ಲಾನ್ ಟ್ರ್ಯಾಕ್ಟರ್ ಡೆಕ್ ಎಡಕ್ಕೆ ತಗ್ಗು: ನಟ್ಟು ತಿರುಗಿಸಿ ಸರಿ ಮಾಡಿದ್ರೂ ಮತ್ತೆ ಅದೇ ಕಥೆ

ಗ್ರೌಂಡ್_ಮೈಸೂರು

ನಮಸ್ಕಾರ. ಮೈಸೂರಲ್ಲಿ ಒಂದು ಕಾಲೇಜು ಮೈದಾನ, ಪೂರ್ತಿ ಗರಿಕೆ ಹುಲ್ಲು. ಕೂತು ಓಡಿಸೋ ಲಾನ್ ಟ್ರ್ಯಾಕ್ಟರ್, 42 ಇಂಚಿನ ಡೆಕ್ (ಬ್ಲೇಡುಗಳನ್ನ ಮುಚ್ಚಿರೋ ತಗಡಿನ ಕವಚ), ಎರಡು ಬ್ಲೇಡು, ಕತ್ತರಿಸಿದ ಹುಲ್ಲು ಬಲಗಡೆಯಿಂದ ಆಚೆ ಬೀಳತ್ತೆ. ಅಂಚಿನಿಂದ ಒಳಕ್ಕೆ ಅಪ್ರದಕ್ಷಿಣೆ ಸುತ್ತು ಹಾಕ್ಕೊಂಡು ಹೊಡೀತೀವಿ, ಹಂಗಾದ್ರೆ ಹುಲ್ಲು ಆಗಲೇ ಹೊಡೆದ ಕಡೆಗೇ ಬೀಳತ್ತೆ.

ತೊಂದರೆ ಏನಂದ್ರೆ ಒಂದು ಸುತ್ತಿಗೂ ಅದರ ಪಕ್ಕದ ಸುತ್ತಿಗೂ ನಡುವೆ ಮೆಟ್ಟಿಲು ಬೀಳ್ತಿದೆ. ಡೆಕ್ಕಿನ ಎಡ ತುದಿ ಹೋದ ಕಡೆ ಹುಲ್ಲು ಗಿಡ್ಡ, ಕೆಲವು ಕಡೆ ಮಣ್ಣೇ ಕಾಣತ್ತೆ. ಬಲ ತುದಿ ಹೋದ ಕಡೆ ಉದ್ದ. ಎಡಗಡೆ ಡೆಕ್ ನೇತುಹಾಕಿರೋ ಲಿಂಕಿನ ನಟ್ಟು ಬಿಗಿ ಮಾಡಿ ಎಡ ಭಾಗ ಎತ್ತಿದ್ದಾಯ್ತು. ಕೆಲವು ದಿನ ಸರಿ ಇತ್ತು, ಆಮೇಲೆ ಮತ್ತೆ ಎಡಕ್ಕೆ ತಗ್ಗು. ನಟ್ಟು ಸಡಿಲ ಆಗಿಲ್ಲ, ಪೇಂಟ್ ಗುರುತು ಹಾಕಿದ್ದು ಹಾಗೇ ಇದೆ. ಬ್ಲೇಡು ಸಾಣೆ ಹಿಡಿಸಿದ್ದು ಈಚೆಗೇ. ಲಿಂಕು ಬಾಗಿರಬಹುದಾ? ಡೆಕ್ಕೇ ಸೊಟ್ಟಗಾಗಿದೆಯಾ? ಎಲ್ಲಿಂದ ಶುರು ಮಾಡ್ಬೇಕು?

ಅರ್ಧಿಂಚು_ಸ್ಪ್ಯಾನರ್

ನಟ್ಟು ಸದ್ಯಕ್ಕೆ ಮುಟ್ಟಬೇಡಿ ಸರ್. ನಟ್ಟು ಅಲ್ಲಾಡದೆ ಮಟ್ಟ ಬದಲಾಗ್ತಿದೆ ಅಂದ್ರೆ ಬದಲಾಗ್ತಿರೋದು ಬೇರೆ ಯಾವುದೋ, ಮೊದಲ ಅನುಮಾನ ಎಡಗಡೆ ಹಿಂದಿನ ಟೈರು. ನಿಧಾನಕ್ಕೆ ಗಾಳಿ ಇಳೀತಿರತ್ತೆ, ಕಣ್ಣಿಗೆ ಗೊತ್ತಾಗಲ್ಲ. ಈ ಟೈರುಗಳ ಗಾಳಿಯೇ ಕಮ್ಮಿ, ಸಾಮಾನ್ಯವಾಗಿ ಹಿಂದೆ 10 ಪಿಎಸ್‌ಐ, ಮುಂದೆ 14. ನಿಮ್ಮ ಮೆಷಿನ್ನಿಗೆ ಎಷ್ಟು ಅಂತ ಮ್ಯಾನ್ಯುಯಲ್ ನೋಡ್ಕೊಳ್ಳಿ. ಟೈರಿನ ಪಕ್ಕದಲ್ಲಿ ಬರೆದಿರೋದು ಮೀರಬಾರದ ಗರಿಷ್ಠ. 10 ಇರಬೇಕಾದ ಕಡೆ 6 ಇದ್ರೂ ಟೈರು ನೋಡೋಕೆ ದುಂಡಗೇ ಇರತ್ತೆ.

ಪೆಟ್ರೋಲ್ ಬಂಕಿನ ಮೀಟರ್ ನಂಬ್ಕೊಬೇಡಿ. ಅದು ಕಾರು, ಲಾರಿಗೆ ಅಂತ ಇರೋದು, 10ರ ಆಸುಪಾಸು ಸರಿಯಾಗಿ ತೋರಿಸಲ್ಲ. ಬಂಕಿನ ಹುಡುಗರು ರೂಢಿಯ ಮೇಲೆ 30 ಹೊಡೆದುಬಿಟ್ರೆ ಟೈರು ಗುಂಡಗೆ ಉಬ್ಬಿ ನಡುವೆ ಮಾತ್ರ ನೆಲ ಮುಟ್ಟತ್ತೆ, ರಿಮ್ಮಿನ ಅಂಚಿಗೂ ಅಪಾಯ. 0ಯಿಂದ 20 ತೋರಿಸೋ ಕಮ್ಮಿ ಒತ್ತಡದ ಗೇಜು ಒಂದು ತಗೊಳ್ಳಿ. ಗೇಜು ಕೈಗೆ ಬರೋ ತನಕ ಟೇಪು ಸಾಕು: ಸಿಮೆಂಟು ನೆಲದ ಮೇಲೆ ನಿಲ್ಲಿಸಿ, ನೆಲದಿಂದ ಹಿಂದಿನ ಚಕ್ರದ ಹಬ್ಬಿನ ನಟ್ಟನಡುವಿಗೆ ಎಡ ಎಷ್ಟು, ಬಲ ಎಷ್ಟು ಅಳೀರಿ. ಎರಡು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಇದ್ರೆ ಮೊದಲು ಅದನ್ನ ಮುಗಿಸಿ.

ಆಮೇಲೆ ಬ್ಲೇಡಿನ ಅಳತೆ. ಎಂಜಿನ್ ಆಫ್, ಕೀ ಜೇಬಲ್ಲಿ, ಸ್ಪಾರ್ಕ್ ಪ್ಲಗ್ ಕ್ಯಾಪ್ ಕಿತ್ತು ಪಕ್ಕಕ್ಕೆ, ಕೈಗೆ ದಪ್ಪ ಗ್ಲೌಸು. ಡೆಕ್ಕಿನ ಎತ್ತರದ ಲಿವರನ್ನ ನೀವು ದಿನಾ ಹೊಡೆಯೋ ಎತ್ತರದ ಕಚ್ಚಿನಲ್ಲೇ ಇಡಿ. ಲಿವರ್ ಒಮ್ಮೆ ಪೂರ್ತಿ ಇಳಿಸಿ ಮತ್ತೆ ಆ ಕಚ್ಚಿಗೆ ತನ್ನಿ, ಇಲ್ಲಾಂದ್ರೆ ಲಿಂಕುಗಳು ಎಲ್ಲೋ ಹಿಡ್ಕೊಂಡು ತಪ್ಪು ಅಳತೆ ಕೊಡತ್ತೆ. ಡೆಕ್ಕಿನ ಪಕ್ಕದ ಚಿಕ್ಕ ಗಾಲಿಗಳು ನೆಲ ಮುಟ್ಟಬಾರದು. ಅವು ಭಾರ ಹೊರೋಕಲ್ಲ, ದಿಣ್ಣೆ ಬಂದಾಗ ಡೆಕ್ಕು ಮಣ್ಣು ಕೆರೆಯದ ಹಾಗೆ ತಡೆಯೋಕೆ. ಸಮ ನೆಲದಲ್ಲಿ 6ರಿಂದ 12 ಮಿಮೀ ಮೇಲೆ ಇರಬೇಕು. ಡೆಕ್ಕು ಅವುಗಳ ಮೇಲೇ ಕೂತಿದ್ರೆ ನೀವು ಎಷ್ಟು ನಟ್ಟು ತಿರುಗಿಸಿದ್ರೂ ಅಳತೆಯಲ್ಲಿ ಕಾಣಲ್ಲ.

ಎರಡೂ ಬ್ಲೇಡು ಅಡ್ಡಕ್ಕೆ ತಿರುಗಿಸಿ, ಅಂದ್ರೆ ಒಂದು ತುದಿ ಎಡಕ್ಕೆ, ಒಂದು ಬಲಕ್ಕೆ. ನೆಲದಿಂದ ಬ್ಲೇಡಿನ ಹರಿತದ ಅಂಚಿನ ತುದಿಗೆ ನಾಲ್ಕು ಅಳತೆ ಬೇಕು: ಎಡ ಬ್ಲೇಡಿನ ಹೊರ ತುದಿ, ಒಳ ತುದಿ, ಬಲ ಬ್ಲೇಡಿನ ಒಳ ತುದಿ, ಹೊರ ತುದಿ. ನಾಲ್ಕನ್ನೂ ಇಲ್ಲಿ ಹಾಕಿ. ಬರೀ ಹೊರ ತುದಿ ಎರಡು ಹಾಕಿದ್ರೆ ಅರ್ಧ ಕಥೆಯಷ್ಟೇ ಗೊತ್ತಾಗತ್ತೆ.

ಕೆಆರ್‌ಎಸ್_ರಸ್ತೆ

ಇಷ್ಟೆಲ್ಲಾ ಯಾಕೆ ಅಣ್ಣ? ಡೆಕ್ಕಿನ ಮೇಲೆ ಗಾರೆ ಕೆಲಸದವರ ರಸಮಟ್ಟ ಇಟ್ಟು ಗುಳ್ಳೆ ನಡುವಿಗೆ ಬರೋ ತನಕ ನಟ್ಟು ತಿರುಗಿಸಿದ್ರೆ ಆಯ್ತಲ್ಲ.

ಮಟ್ಟಗೋಲು

ಅದು ಎರಡು ಕಾರಣಕ್ಕೆ ಕೈ ಕೊಡತ್ತೆ. ಡೆಕ್ಕಿನ ತಗಡು ಒತ್ತಿ ಮಾಡಿದ್ದು, ಮೇಲ್ಮೈ ಸಪಾಟಾಗಿಲ್ಲ, ಬೆಸುಗೆ, ಏಣು, ಹೊಂಡ ಎಲ್ಲ ಇದೆ. ಹುಲ್ಲು ಕತ್ತರಿಸೋದು ಬ್ಲೇಡಿನ ತುದಿ, ತಗಡಲ್ಲ. ಇನ್ನೊಂದು, ರಸಮಟ್ಟ ಹೇಳೋದು ಭೂಮಿಗೆ ಮಟ್ಟ ಇದೆಯಾ ಅಂತ. ನಮಗೆ ಬೇಕಾಗಿರೋದು ಚಕ್ರ ನಿಂತಿರೋ ನೆಲಕ್ಕೆ ಬ್ಲೇಡು ಸಮಾನಾಂತರ ಇದೆಯಾ ಅಂತ. ನಮ್ಮ ಕಡೆ ಕಾರ್ ಶೆಡ್ಡು, ಪೋರ್ಟಿಕೊ ಎಲ್ಲ ನೀರು ಹರಿಯಲಿ ಅಂತ ಇಳಿಜಾರು ಕೊಟ್ಟೇ ಹಾಕಿರ್ತಾರೆ. ಆ ಇಳಿಜಾರಿನ ನೆಲದಲ್ಲಿ ಗುಳ್ಳೆ ನಡುವಿಗೆ ತಂದ್ರೆ ಡೆಕ್ಕು ಗ್ಯಾರಂಟಿ ಸೊಟ್ಟ.

ಅದೇ ನೆಲದಲ್ಲಿ ಟೇಪು ಹಿಡಿದು ನೆಲದಿಂದ ಅಳೆದ್ರೆ ಸ್ವಲ್ಪ ಇಳಿಜಾರಿದ್ರೂ ತೊಂದರೆ ಇಲ್ಲ. ಬೇಕಾಗಿರೋದು ಉಬ್ಬು ತಗ್ಗು ಇಲ್ಲದ ನೆಲ. ಎರಡು ಮೀಟರ್ ಉದ್ದದ ಅಲ್ಯೂಮಿನಿಯಂ ಮಟ್ಟಗೋಲನ್ನ ನಾಲ್ಕು ಚಕ್ರ ನಿಲ್ಲೋ ಜಾಗದ ಮೇಲೆ ಉದ್ದ, ಅಡ್ಡ, ಕರ್ಣಕ್ಕೆ ಇಟ್ಟು ಕೆಳಗೆ ಬೆಳಕು ಎಷ್ಟು ತೂರತ್ತೆ ನೋಡಿ. ಎರಡು ಮಿಮೀ ಒಳಗಿದ್ರೆ ಸಾಕು. ಕಡಪ ಕಲ್ಲು ಹಾಸಿದ ನೆಲದಲ್ಲಿ ಸಂದಿಯ ಹತ್ತಿರ ಕಲ್ಲು ಎದ್ದಿರತ್ತೆ, ಅಳತೆ ಅಲ್ಲಿ ತಗೊಬೇಡಿ. ಬಾಸ್ಕೆಟ್‌ಬಾಲ್ ಕೋರ್ಟಿನ ಸಿಮೆಂಟು ಸಿಕ್ಕಿದ್ರೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ.

ಟೈರಿನ ವಿಷಯಕ್ಕೆ ಒಂದು ಲೆಕ್ಕ. ಲಾನ್ ಟ್ರ್ಯಾಕ್ಟರಿನ ಮುಂದಿನ ಆಕ್ಸಲ್ ನಡುವಿನ ಒಂದೇ ಪಿನ್ನಿನ ಮೇಲೆ ತೂಗಾಡತ್ತೆ. ಆದ್ದರಿಂದ ಚಾಸಿ, ಅಂದ್ರೆ ಮೆಷಿನ್ನಿನ ಚೌಕಟ್ಟು, ಎಡಕ್ಕೋ ಬಲಕ್ಕೋ ವಾಲೋದನ್ನ ತೀರ್ಮಾನ ಮಾಡೋದು ಹಿಂದಿನ ಎರಡು ಟೈರು ಮಾತ್ರ. ಮುಂದಿನ ಟೈರು ಒಂದು ಇಳಿದಿದ್ರೆ ಮೂತಿ ಸ್ವಲ್ಪ ತಗ್ಗತ್ತೆ, ವಾಲಲ್ಲ. ಹಿಂದಿನ ಟೈರುಗಳ ನಡುಗೆರೆಯಿಂದ ನಡುಗೆರೆಗೆ ಸುಮಾರು 72 ಸೆಂಮೀ ಅಂತ ಇಟ್ಕೊಳ್ಳಿ, ಬ್ಲೇಡುಗಳ ಹೊರ ತುದಿಯಿಂದ ತುದಿಗೆ 104 ಸೆಂಮೀ. ಡೆಕ್ಕು ಟೈರಿಗಿಂತ ಅಗಲ, ಅದಕ್ಕೇ ಟೈರಿನ ತಪ್ಪು ಬ್ಲೇಡಿನ ತುದಿಗೆ ಹೋಗೋ ಹೊತ್ತಿಗೆ ಒಂದೂವರೆ ಪಟ್ಟಿನ ಹತ್ತಿರ ಆಗತ್ತೆ. ಹಬ್ಬು 9 ಮಿಮೀ ತಗ್ಗಿದ್ರೆ ಬ್ಲೇಡಿನ ತುದಿಗಳ ನಡುವೆ 13 ಮಿಮೀ ವ್ಯತ್ಯಾಸ, ಅಂದ್ರೆ ಅರ್ಧ ಇಂಚು. ಗರಿಕೆಯಲ್ಲಿ ಅರ್ಧ ಇಂಚಿನ ಮೆಟ್ಟಿಲು ದೂರದಿಂದಲೇ ಕಾಣತ್ತೆ.

ಇನ್ನೊಂದು ಗಮನಿಸಿ. ನೀವು ಸುತ್ತು ಹಾಕಿ ಹೊಡೀತೀರ, ಹಾಗಾಗಿ ಒಂದು ಸುತ್ತಿನ ಎಡ ತುದಿಯ ಪಕ್ಕಕ್ಕೆ ಮುಂದಿನ ಸುತ್ತಿನ ಬಲ ತುದಿ ಬರತ್ತೆ. ವಾಲಿದ ಡೆಕ್ಕು ಮೆಟ್ಟಿಲು ತೋರಿಸೋದು ಇದರಲ್ಲೇ. ಅದೇ ಮೆಷಿನ್ನನ್ನ ಉಳುಮೆಯ ಸಾಲಿನ ಹಾಗೆ ಹೋಗಿ ಬಂದು ಹೊಡೆದ್ರೆ ಎಡಕ್ಕೆ ಎಡ, ಬಲಕ್ಕೆ ಬಲ ಸೇರ್ಕೊಂಡು ಮೆಟ್ಟಿಲು ಮಾಯ. ಬದಲಿಗೆ ಎರಡು ಸಾಲಿಗೊಂದರಂತೆ ತಗ್ಗು, ದಿಬ್ಬ ಅಲೆಯ ಥರ ಕಾಣತ್ತೆ. ಸಾಲು ಹೊಡೆದಾಗಲೂ ಒಂದೇ ಸಾಲಿನ ನಟ್ಟನಡುವೆ ಮೆಟ್ಟಿಲು ಬಂದ್ರೆ ಅದು ವಾಲಿದ್ದಲ್ಲ, ಎರಡು ಬ್ಲೇಡು ಬೇರೆ ಬೇರೆ ಎತ್ತರದಲ್ಲಿ ತಿರುಗ್ತಿವೆ ಅಂತ ಅರ್ಥ. ಬೇರೆ ಕಾಯಿಲೆ, ಬೇರೆ ಔಷಧಿ.

ಲೇತ್_ಹೆಬ್ಬಾಳ

ಆ ಬೇರೆ ಕಾಯಿಲೆ ಬಗ್ಗೆ. ಮೈದಾನದಲ್ಲಿ ಕಲ್ಲು, ಸ್ಪ್ರಿಂಕ್ಲರ್ ತಲೆ, ಕ್ರಿಕೆಟ್ ನೆಟ್ಟಿನ ಗೂಟ, ಇವಕ್ಕೆ ಬ್ಲೇಡು ಒಂದು ಸಲ ಹೊಡೆದ್ರೂ ಸಾಕು. ಮಟ್ಟ ಮಾಡೋ ಮುಂಚೆ ಬ್ಲೇಡು, ಅದನ್ನ ಹೊತ್ತು ತಿರುಗೋ ಸ್ಪಿಂಡಲ್ ನೆಟ್ಟಗಿವೆಯಾ ಅಂತ ಖಾತ್ರಿ ಮಾಡ್ಕೊಬೇಕು, ಇಲ್ಲಾಂದ್ರೆ ಬಾಗಿದ ಬ್ಲೇಡಿಗೆ ಡೆಕ್ಕನ್ನ ಹೊಂದಿಸಿ ಕೂರಿಸಿದ ಹಾಗಾಗತ್ತೆ.

ಬ್ಲೇಡಿನ ಒಂದು ತುದಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಗುರುತಿನ ತುದಿ ಹೊರಗಡೆ ಇದ್ದಾಗ ಅಳೀರಿ. ಅರ್ಧ ಸುತ್ತು ತಿರುಗಿಸಿ ಇನ್ನೊಂದು ತುದಿಯನ್ನ ಅದೇ ಜಾಗಕ್ಕೆ ತಂದು ಅಳೀರಿ. ಜಾಗ ಒಂದೇ, ತುದಿ ಬೇರೆ. 3 ಮಿಮೀಗಿಂತ ಹೆಚ್ಚು ವ್ಯತ್ಯಾಸ ಬಂದ್ರೆ ಬ್ಲೇಡು ಬಾಗಿದೆ ಅಥವಾ ಸ್ಪಿಂಡಲ್ ಶಾಫ್ಟ್ ಬಾಗಿದೆ. ಯಾವುದು ಅಂತ ತಿಳಿಯೋಕೆ ಎಡದ ಬ್ಲೇಡನ್ನ ಬಲಕ್ಕೆ, ಬಲದ್ದನ್ನ ಎಡಕ್ಕೆ ಹಾಕಿ ಮತ್ತೆ ಅಳೀರಿ, ಎರಡೂ ಒಂದೇ ನಂಬರಿನ ಬ್ಲೇಡ್ ಆಗಿದ್ರೆ ಮಾತ್ರ. ತಪ್ಪು ಬ್ಲೇಡಿನ ಜೊತೆ ಹೋದ್ರೆ ಬ್ಲೇಡು ಗುಜರಿಗೆ. ಅದೇ ಸ್ಪಿಂಡಲ್ಲಿನಲ್ಲಿ ಉಳಿದ್ರೆ ಶಾಫ್ಟು.

ಬಾಗಿದ ಬ್ಲೇಡನ್ನ ಸುತ್ತಿಗೆಯಲ್ಲಿ ತಟ್ಟಿ ನೆಟ್ಟಗೆ ಮಾಡೋರಿದ್ದಾರೆ. ದಯವಿಟ್ಟು ಮಾಡಬೇಡಿ. ಹದ ಮಾಡಿದ ಉಕ್ಕು ಅದು. ತಟ್ಟಿದ ಜಾಗದಲ್ಲಿ ಕಣ್ಣಿಗೆ ಕಾಣದ ಬಿರುಕು ಬಿದ್ದು ಓಡೋವಾಗ ತುಂಡಾದ್ರೆ ಆ ತುಂಡು ಯಾರ ಕಾಲಿಗೆ ಹೋಗತ್ತೋ ಹೇಳೋಕಾಗಲ್ಲ. ಬೆಸುಗೆಯೂ ಬೇಡ.

ಶಾಫ್ಟು ನೆಟ್ಟಗಿದ್ದು, ಬ್ಲೇಡಿನ ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದ್ರೆ ಟಕಟಕ ಅಂದ್ರೆ ಬೇರಿಂಗು ಹೋಗಿದೆ. ಈ ಸ್ಪಿಂಡಲ್ಲುಗಳಲ್ಲಿ ಹೆಚ್ಚಾಗಿ 6203 ಅಥವಾ 6204 ಬೇರಿಂಗು, ನಂಬರು ಅದರ ಮೇಲೇ ಇರತ್ತೆ, ಮೈಸೂರಲ್ಲಿ ಯಾವ ಬೇರಿಂಗ್ ಅಂಗಡಿಯಲ್ಲೂ ಸಿಗತ್ತೆ. ಆದ್ರೆ ಅಂಗಡಿಗೆ ಹೋಗೋವಾಗ ಹಳೇ ಬೇರಿಂಗು ಜೊತೇಲಿ ತಗೊಂಡು ಹೋಗಿ. ಮಾಮೂಲಿ 6203ರ ಒಳವ್ಯಾಸ 17 ಮಿಮೀ. ಕೆಲವು ಅಮೆರಿಕನ್ ಮೆಷಿನ್ನುಗಳಲ್ಲಿ ಹೊರವ್ಯಾಸ ಅದೇ, ಒಳವ್ಯಾಸ ಮಾತ್ರ 5/8 ಇಂಚು, ಅಂದ್ರೆ 15.9 ಮಿಮೀ. ಮಾಮೂಲಿದು ಹಾಕಿದ್ರೆ ಹೌಸಿಂಗಿನಲ್ಲಿ, ಅಂದ್ರೆ ಬೇರಿಂಗು ಕೂರೋ ಹೊರಕವಚದಲ್ಲಿ, ಚೆನ್ನಾಗಿ ಕೂರತ್ತೆ, ಶಾಫ್ಟು ಒಳಗೆ ಅಲ್ಲಾಡತ್ತೆ, ಕೆಲವೇ ದಿನದಲ್ಲಿ ಶಾಫ್ಟನ್ನೂ ತಿಂದು ಹಾಕತ್ತೆ. ಎರಡೂ ಕಡೆ ರಬ್ಬರ್ ಸೀಲ್ ಇರೋದೇ ತಗೊಳ್ಳಿ.

ಬ್ಲೇಡು ವಾಪಸ್ ಹಾಕುವಾಗ ರೆಕ್ಕೆಯ ಹಾಗೆ ಮಡಿಸಿರೋ ಭಾಗ ಮೇಲಕ್ಕೆ, ಡೆಕ್ಕಿನ ಕಡೆಗೆ ಇರಬೇಕು. ತಲೆಕೆಳಗಾಗಿ ಹಾಕಿದ್ರೆ ಹುಲ್ಲು ಕತ್ತರಿಸೋ ಬದಲು ಚಚ್ಚತ್ತೆ. ಬೋಲ್ಟು ಬಹಳ ಮೆಷಿನ್ನುಗಳಲ್ಲಿ 60ರಿಂದ 75 ನ್ಯೂಟನ್ ಮೀಟರ್ ಬಿಗಿ, ನಿಮ್ಮದಕ್ಕೆ ಮ್ಯಾನ್ಯುಯಲ್‌ನಲ್ಲಿ ಕೊಟ್ಟಷ್ಟೇ ಹಾಕಿ. ಸಾಣೆ ಹಿಡಿಸಿದ್ದೀರಿ ಅಂದ್ರಲ್ಲ, ಬ್ಲೇಡಿನ ನಡುವಿನ ತೂತನ್ನ ಗೋಡೆಯ ಮೊಳೆಗೆ ಸಿಕ್ಕಿಸಿ ನೋಡಿ: ಒಂದು ಕಡೆ ಜಗ್ಗಿದ್ರೆ ಆ ಕಡೆ ಭಾರ ಜಾಸ್ತಿ, ಅಲ್ಲೇ ಸ್ವಲ್ಪ ಉಜ್ಜಿ. ತೂಕ ಸಮ ಇಲ್ಲದ ಬ್ಲೇಡೇ ಬೇರಿಂಗು ಕೆಡಿಸೋದು.

ಗ್ರೌಂಡ್_ಮೈಸೂರು

ಅಳತೆ ಹಾಕ್ತಿದ್ದೀನಿ, ಎಲ್ಲಾ ಮಿಲಿಮೀಟರು. ಕೋರ್ಟಿನ ಸಿಮೆಂಟಿನ ಮೇಲೆ ತಗೊಂಡಿದ್ದು.

ಹಿಂದಿನ ಹಬ್ಬು: ಎಡ 236, ಬಲ 245.
ಬ್ಲೇಡು ಎಡದಿಂದ ಬಲಕ್ಕೆ: 38, 41, 42, 45.
ಸೀಮೆಸುಣ್ಣದ ಪರೀಕ್ಷೆ: ಎರಡೂ ಬ್ಲೇಡಿನಲ್ಲಿ ವ್ಯತ್ಯಾಸ 1 ಮಿಮೀ ಒಳಗೆ.
ಪಕ್ಕದ ಗಾಲಿಗಳು ನೆಲದಿಂದ ಮೇಲಿವೆ.

ಎಡ ಟೈರಿಗೆ ಸೋಪಿನ ನೊರೆ ಹಚ್ಚಿ ನೋಡಿದಾಗ ಎರಡು ಕಡೆ ಗುಳ್ಳೆ ಬಂತು, ಒಂದರಲ್ಲಿ ಮುಳ್ಳು ಇನ್ನೂ ಒಳಗೇ ಇದೆ. ಆದ್ರೆ ಮಟ್ಟಗೋಲು ಅವರ ಲೆಕ್ಕದ ಪ್ರಕಾರ 9 ಮಿಮೀಗೆ 13 ಬರಬೇಕಿತ್ತು, ಇಲ್ಲಿ ಹೊರ ತುದಿಗಳ ವ್ಯತ್ಯಾಸ 7 ಮಾತ್ರ ಇದೆಯಲ್ಲ?

ಮಟ್ಟಗೋಲು

ಉಳಿದ 6 ಮಿಮೀ ನಿಮ್ಮ ನಟ್ಟಿನಲ್ಲಿದೆ. ಟೈರು ಎಡಭಾಗವನ್ನ 13 ಇಳಿಸಿದೆ, ನಟ್ಟು 6 ಎತ್ತಿದೆ, ಉಳಿದಿದ್ದು 7. ಟೈರು ಸರಿ ಮಾಡಿದ ಮೇಲೆ ಅಳೆದ್ರೆ ಎಡಗಡೆ ಸುಮಾರು 6 ಮಿಮೀ ಎತ್ತರ ಇರತ್ತೆ, ಆಗ ಗಾಬರಿ ಆಗಬೇಡಿ.

ನಾಲ್ಕು ಅಂಕಿ ಒಳ್ಳೆ ಸುದ್ದಿಯನ್ನೇ ಹೇಳ್ತಿವೆ. 38, 41, 42, 45 ಒಂದೇ ಇಳಿಜಾರಿನ ಗೆರೆಯಲ್ಲಿ ಕೂತಿವೆ. ಅಂದ್ರೆ ಡೆಕ್ಕಿನ ತಗಡು ನೆಟ್ಟಗಿದೆ, ಒಟ್ಟಾಗಿ ವಾಲಿದೆ ಅಷ್ಟೆ. 45, 41, 41, 45 ಥರ ಬಂದಿದ್ರೆ ತಗಡು ನಡುವೆ ಜೋತಿದೆ ಅಂತ. 40, 40, 45, 45 ಬಂದಿದ್ರೆ ಒಂದು ಸ್ಪಿಂಡಲ್ ಕೂತಿರೋ ಎತ್ತರವೇ ಬೇರೆ, ವಾಷರೋ ಸ್ಪೇಸರೋ ತಪ್ಪಿದೆ ಅಥವಾ ಹೌಸಿಂಗಿನ ಬೋಲ್ಟು ಸಡಿಲ ಅಂತ. ಅವೆರಡಕ್ಕೂ ಲಿಂಕಿನ ನಟ್ಟಿನಲ್ಲಿ ಪರಿಹಾರ ಇಲ್ಲ.

ಅರ್ಧಿಂಚು_ಸ್ಪ್ಯಾನರ್

ಬಳ್ಳಾರಿ ಜಾಲಿ ಮುಳ್ಳು ಇರಬೇಕು. ಬೇಲಿ ಪಕ್ಕ ಹೊಡೆಯೋ ಮೆಷಿನ್ನಿಗೆ ಅದು ತಪ್ಪಿದ್ದಲ್ಲ. ಪಂಚರ್ ಹಾಕಿಸುವಾಗ ಟೈರಿನ ಒಳಮೈ ಕೈಯಲ್ಲಿ ಸವರಿ ನೋಡೋಕೆ ಹೇಳಿ, ಮುರಿದ ಮುಳ್ಳಿನ ತುದಿ ಒಳಗೇ ಉಳಿದಿರತ್ತೆ. ಟ್ಯೂಬ್ ಹಾಕಿಸೋದಾದ್ರಂತೂ ಇದು ಬೇಕೇ ಬೇಕು. ಎರಡೂ ಹಿಂದಿನ ಟೈರು 10ಕ್ಕೆ ತಂದು ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಹಬ್ಬು ಮತ್ತೆ ಅಳೀರಿ. ನಿಂತಿದ್ರೆ ಮುಂದಕ್ಕೆ ಹೋಗಿ.

ಗಾಳಿ ಸಮ ಇದ್ದೂ ಹಬ್ಬು ಸಮ ಬರದಿದ್ರೆ ಎರಡು ಟೈರಿನ ಗಾತ್ರವೇ ಬೇರೆ ಆಗಿರತ್ತೆ. ಒಂದು ಕಡೆ ಮಾತ್ರ ಹೊಸದು ಹಾಕಿಸಿದ ಮೆಷಿನ್ನಿನಲ್ಲಿ ಇದು ಆಗ್ತಾನೇ ಇರತ್ತೆ. ಆಗ 3 ಮಿಮೀ ತನಕ ಇದ್ರೆ ಲಿಂಕಿನಲ್ಲಿ ಸರಿದೂಗಿಸಬಹುದು, ಜಾಸ್ತಿ ಇದ್ರೆ ಜೋಡಿ ಬದಲಾಯಿಸೋದೇ ವಾಸಿ.

ಈಗ ನಟ್ಟು. ಡೆಕ್ಕು ಎತ್ತಿ ಇಳಿಸೋ ಜಾಗ ಮೆಷಿನ್ನಿಂದ ಮೆಷಿನ್ನಿಗೆ ಬೇರೆ. ಕೆಲವದರಲ್ಲಿ ಎರಡೂ ಪಕ್ಕಕ್ಕೆ ನಟ್ಟಿರೋ ಲಿಂಕು, ಕೆಲವದರಲ್ಲಿ ಒಂದೇ ಪಕ್ಕಕ್ಕೆ. ಇನ್ನು ಕೆಲವದರಲ್ಲಿ ನಟ್ಟಿನ ಬದಲು ಹ್ಯಾಂಗರಿನ ಬೋಲ್ಟು ಸಡಿಲ ಮಾಡಿ ಓರೆ ಚಕ್ರದಂಥ ತುಂಡನ್ನ ತಿರುಗಿಸೋ ಏರ್ಪಾಡು. ನಿಮ್ಮದು ನಟ್ಟಿನ ಥರ ಅಂತ ಕಾಣತ್ತೆ. ಕೆಳಗಿನ ಲಾಕ್ ನಟ್ಟನ್ನ ಒಂದು ಸ್ಪ್ಯಾನರಿನಲ್ಲಿ ಹಿಡಿದು ಮೇಲಿನದ್ದನ್ನ ಬಿಡಿ. ಒಂದು ಪೂರ್ತಿ ಸುತ್ತು ತಿರುಗಿಸಿ, ಡೆಕ್ಕನ್ನ ಕೈಯಲ್ಲಿ ಒಮ್ಮೆ ಎತ್ತಿ ಬಿಟ್ಟು, ಬ್ಲೇಡಿನ ತುದಿ ಎಷ್ಟು ಬದಲಾಯ್ತು ಅಳೀರಿ. ಆ ಅಂಕಿ ಡೆಕ್ಕಿನ ಒಳಗೆಲ್ಲಾದ್ರೂ ಪೇಂಟಲ್ಲಿ ಬರೆದಿಡಿ, ಮುಂದಿನ ಸಲ ಊಹೆ ಮಾಡೋ ಕೆಲಸ ಇಲ್ಲ. ಹೊರ ತುದಿಗಳ ವ್ಯತ್ಯಾಸ 3 ಮಿಮೀ ಒಳಗೆ ಬಂದ್ರೆ ಅಲ್ಲಿಗೆ ನಿಲ್ಲಿಸಿ. ಸೊನ್ನೆಗೆ ತರೋಕೆ ಹೋಗಿ ಅರ್ಧ ದಿನ ಕಳೆಯೋದು ದಂಡ, ಮೈದಾನ ಅಷ್ಟು ಸಮ ಇರಲ್ಲ.

ಬಿಗಿ ಮಾಡೋ ಮುಂಚೆ ಲಿಂಕಿನ ಪಿನ್ನು, ತೂತು ನೋಡಿ. ತೂತು ತಿಂದು ಮೊಟ್ಟೆ ಆಕಾರ ಆಗಿದ್ರೆ ನಿಂತಾಗ ಅಳತೆ ಸರಿಯಾಗೇ ಬರತ್ತೆ, ಯಾಕಂದ್ರೆ ಡೆಕ್ಕಿನ ಭಾರ ಪಿನ್ನನ್ನ ಒಂದೇ ಕಡೆಗೆ ಜಗ್ಗಿ ಹಿಡಿದಿರತ್ತೆ. ಓಡೋವಾಗ ಮಾತ್ರ ಕುಣಿದು ಹುಲ್ಲು ಅಲೆ ಅಲೆ ಆಗತ್ತೆ. ತೂತನ್ನ ದೊಡ್ಡದು ಮಾಡಿಸಿ ಒಳಗೆ ಬುಷ್ ಕೂರಿಸೋದು ಲೇತಿನವರಿಗೆ ಅರ್ಧ ಗಂಟೆ ಕೆಲಸ. ಸ್ಪ್ಲಿಟ್ ಪಿನ್ನಿನ ಜಾಗಕ್ಕೆ ಬೈಂಡಿಂಗ್ ವೈರ್ ಸುತ್ತಿರೋದು ಕಂಡ್ರೆ ಮೊದಲು ಅದನ್ನ ಕಿತ್ತು ಸರಿಯಾದ ಪಿನ್ನು ಹಾಕಿ.

ಡೆಕ್ಕಿನ ಕೆಳಗೆ ಕೈ ಹಾಕಿ ಕೆಲಸ ಮಾಡೋವಾಗ ಮುಂಭಾಗ ಎತ್ತಬೇಕು ಅನ್ಸಿದ್ರೆ ಬರೀ ಜಾಕಿ ನಂಬಬೇಡಿ, ಚಾಸಿ ಕೆಳಗೆ ಮರದ ದಿಮ್ಮಿ ಅಥವಾ ಸ್ಟ್ಯಾಂಡು ಕೊಟ್ಟೇ ಕೈ ಹಾಕಿ. ಆದ್ರೆ ಮಟ್ಟದ ಅಳತೆ ಮಾತ್ರ ನಾಲ್ಕೂ ಚಕ್ರ ನೆಲದ ಮೇಲಿದ್ದಾಗಲೇ.

ಮದ್ದೂರು_ತೆಂಗು

ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ತೆಂಗಿನ ತೋಟದಲ್ಲಿ ದೊಡ್ಡ ಟ್ರ್ಯಾಕ್ಟರಿನ ಹಿಂದೆ ಹಾಕೋ, ಹುಲ್ಲು ಕಳೆ ಸವರೋ ಸ್ಲ್ಯಾಷರಿಗೂ ಇದೇ ಲೆಕ್ಕಾನಾ? ನಮ್ಮದು ಬಲಗಡೆ ಮಣ್ಣು ಕೆರೀತಿದೆ.

ಅರ್ಧಿಂಚು_ಸ್ಪ್ಯಾನರ್

ತತ್ವ ಒಂದೇ ಅಣ್ಣ, ತಿರುಗಿಸೋ ಜಾಗ ಬೇರೆ. ಹಿಂದಿನ ಟೈರುಗಳ ಗಾಳಿ ಸಮ ಮಾಡಿ, ಸ್ಲ್ಯಾಷರನ್ನ ಸಿಮೆಂಟು ನೆಲದ ಮೇಲೆ ಕೆಲಸದ ಎತ್ತರಕ್ಕೆ ತನ್ನಿ. ಅದರ ಬ್ಲೇಡು ಪಿನ್ನಿನ ಮೇಲೆ ಆಡತ್ತೆ, ನಿಂತಾಗ ಜೋತುಬಿದ್ದಿರತ್ತೆ, ಹಾಗಾಗಿ ಬ್ಲೇಡಿನಲ್ಲಿ ಅಳೆಯದೆ ಎರಡು ಪಕ್ಕದಲ್ಲಿ ನೆಲದ ಮೇಲೆ ಜಾರೋ ಸ್ಕಿಡ್ ಪಟ್ಟಿಯಲ್ಲಿ ಅಳೀರಿ. ಎಡ ಬಲ ಸರಿ ಮಾಡೋದು ಬಲಗಡೆಯ ಲಿಫ್ಟ್ ರಾಡಿನಲ್ಲಿ, ಅದಕ್ಕೆ ತಿರುಗಿಸೋ ಹಿಡಿ ಅಥವಾ ಸ್ಕ್ರೂ ಇರತ್ತೆ. ರಾಡು ಗಿಡ್ಡ ಮಾಡಿದ್ರೆ ಬಲಗಡೆ ಮೇಲೇಳತ್ತೆ. ಮುಂದು ಹಿಂದು ಸರಿ ಮಾಡೋದು ಸ್ಲ್ಯಾಷರನ್ನ ಮೇಲ್ಗಡೆ ನಡುವೆ ಟ್ರ್ಯಾಕ್ಟರಿಗೆ ಹಿಡಿದಿರೋ ಟಾಪ್ ಲಿಂಕಿನಲ್ಲಿ. ಮುಂಭಾಗ ಹಿಂಭಾಗಕ್ಕಿಂತ ಅರ್ಧದಿಂದ ಒಂದು ಇಂಚು ತಗ್ಗಿರಲಿ. ಪಿಟಿಓ (ಟ್ರ್ಯಾಕ್ಟರಿಂದ ಸ್ಲ್ಯಾಷರಿಗೆ ಶಕ್ತಿ ಕೊಡೋ ಶಾಫ್ಟು) ಬಿಡಿಸಿ, ಎಂಜಿನ್ ಆಫ್ ಮಾಡಿ, ಬ್ಲೇಡು ಪೂರ್ತಿ ನಿಂತ ಮೇಲೇ ಇಳೀರಿ. ಒಣ ಮಟ್ಟೆ, ಕಾಯಿ ಬಿದ್ದಿರೋ ಸಾಲಿನಲ್ಲಿ ಎತ್ತರ ಸ್ವಲ್ಪ ಜಾಸ್ತಿ ಇಟ್ಕೊಳ್ಳೋದು ಒಳ್ಳೇದು, ಮಟ್ಟೆಯ ಬುಡ ಸಿಕ್ಕಿದ್ರೆ ಗೇರ್‌ಬಾಕ್ಸಿಗೇ ಪೆಟ್ಟು.

ಗ್ರೌಂಡ್_ಮೈಸೂರು

ಟೈರು ಸರಿ ಆಯ್ತು. ಬೆಳಿಗ್ಗೆ ಹಬ್ಬು ಎಡ 245, ಬಲ 245. ಬ್ಲೇಡು 47, 44, 44, 41, ಹೇಳಿದ ಹಾಗೇ ಎಡ 6 ಮೇಲೆ. ಎಡ ಲಿಂಕಿನ ನಟ್ಟು ಬಿಟ್ಟು ಇಳಿಸಿದ ಮೇಲೆ ಹೊರ ತುದಿಗಳು 42, 41. ಲಿಂಕಿನ ತೂತು ದುಂಡಗಿದೆ.

ಈಗ ಬ್ಲೇಡು ಉದ್ದಕ್ಕೆ ತಿರುಗಿಸಿ ಅಳೆದ್ರೆ ಮುಂದಿನ ತುದಿ 43, ಹಿಂದಿನ ತುದಿ 41. ಎರಡು ಬ್ಲೇಡಿನಲ್ಲೂ ಹೆಚ್ಚು ಕಮ್ಮಿ ಇಷ್ಟೇ. ಇದನ್ನ ಸಮ ಮಾಡಿದ್ರೆ ಸಾಕಾ, ಅಥವಾ ಸ್ಲ್ಯಾಷರಿಗೆ ಹೇಳಿದ ಹಾಗೆ ಮುಂದೆ ತಗ್ಗಿಸಬೇಕಾ? ಹುಲ್ಲಿನ ತುದಿ ಎರಡು ದಿನಕ್ಕೆ ಕಂದು ಬಣ್ಣಕ್ಕೆ ತಿರುಗ್ತಿದೆ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಮಟ್ಟಗೋಲು

ಇದೆ. ಹಿಂದಿನ ತುದಿ ತಗ್ಗಿದ್ರೆ ಮುಂದೆ ಒಮ್ಮೆ ಕತ್ತರಿಸಿದ ಹುಲ್ಲನ್ನ ಅದೇ ಬ್ಲೇಡು ಹಿಂದೆ ಬರುವಾಗ ಇನ್ನೆರಡು ಮಿಮೀ ಕೆರೀತಾ ಹೋಗತ್ತೆ. ಎರಡು ಸಲ ಕೆಲಸ, ಎಂಜಿನ್ನಿಗೆ ಭಾರ, ಹುಲ್ಲಿನ ತುದಿ ಸಿಬಿರು ಸಿಬಿರಾಗಿ ಒಣಗತ್ತೆ. ಮೊಂಡು ಬ್ಲೇಡಿನಿಂದಲೂ ಕಂದು ಬರತ್ತೆ, ಆದ್ರೆ ನಿಮ್ಮದು ಸಾಣೆ ಹಿಡಿದ ಬ್ಲೇಡು.

ಮುಂದಿನ ತುದಿ ಹಿಂದಿನದ್ದಕ್ಕಿಂತ 3ರಿಂದ 10 ಮಿಮೀ ತಗ್ಗಿರಬೇಕು. ಮಾದರಿಯಿಂದ ಮಾದರಿಗೆ ಅಂಕಿ ಸ್ವಲ್ಪ ಆಚೀಚೆ, ಮ್ಯಾನ್ಯುಯಲ್ ಸಿಕ್ಕಿದ್ರೆ ಅದರದ್ದೇ ಅಂತಿಮ. ಸಿಗದಿದ್ರೆ 6ಕ್ಕೆ ಇಡಿ. 3ಕ್ಕೆ ಯಾಕಲ್ಲ ಅಂದ್ರೆ, ಅಳೆಯೋವಾಗ ಸೀಟು ಖಾಲಿ. ಚಾಲಕ ಕೂತ ತಕ್ಷಣ ಭಾರ ಹೆಚ್ಚಾಗಿ ಹಿಂದಿನ ಟೈರಿನ ಮೇಲೆ ಬೀಳತ್ತೆ, ಇಡೀ ಚಾಸಿ ಹಿಂದಕ್ಕೆ ವಾಲತ್ತೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ 120 ಸೆಂಮೀ ಅಂತರ, ಬ್ಲೇಡಿನ ಉದ್ದ 53 ಸೆಂಮೀ ಅಂದ್ರೆ, ಹಿಂದಿನ ಟೈರು 5 ಮಿಮೀ ಕುಗ್ಗಿದ್ರೆ ಬ್ಲೇಡಿನ ಓರೆಯಲ್ಲಿ 2 ಮಿಮೀಗಿಂತ ಸ್ವಲ್ಪ ಹೆಚ್ಚೇ ಹೋಗತ್ತೆ. ಹಿಂದೆ ಹುಲ್ಲಿನ ಚೀಲ ಕಟ್ಟೋ ಮೆಷಿನ್ನಾದ್ರೆ, ಮಳೆಗಾಲದ ಹಸಿ ಹುಲ್ಲು ತುಂಬಿದಾಗ ಇನ್ನೂ ಹೆಚ್ಚು. ಇದಕ್ಕಂತ ಎರಡು ಮೂರು ಮಿಮೀ ಕೈಯಲ್ಲಿರಬೇಕು.

10 ದಾಟಿಸೋದೂ ಬೇಡ. ಆಗ ಡೆಕ್ಕಿನ ಹಿಂಭಾಗ ಬಾಯಿ ಬಿಟ್ಟ ಹಾಗಾಗಿ ಒಳಗಿನ ಗಾಳಿಯ ಸೆಳೆತ ಕಮ್ಮಿ ಆಗತ್ತೆ, ಹುಲ್ಲು ನೆಟ್ಟಗೆ ನಿಲ್ಲದೆ ಜುಟ್ಟು ಜುಟ್ಟಾಗಿ ಉಳಿಯತ್ತೆ. ಮೂತಿ ತಗ್ಗಿ ದಿಬ್ಬಗಳಲ್ಲಿ ಮಣ್ಣು ಕೆರೆಯತ್ತೆ.

ಅರ್ಧಿಂಚು_ಸ್ಪ್ಯಾನರ್

ಮುಂದಿನ ಓರೆ ಸರಿ ಮಾಡೋದು ಡೆಕ್ಕಿನ ಮುಂದೆ ನಡುವೆ ಬರೋ ಉದ್ದ ರಾಡಿನಲ್ಲಿ, ಮುಂದಿನ ಆಕ್ಸಲ್ ಹತ್ತಿರ ಎರಡು ನಟ್ಟು ಇರತ್ತೆ. ಸಾಮಾನ್ಯವಾಗಿ ನಟ್ಟು ಬಿಗಿ ಮಾಡಿದ್ರೆ ರಾಡು ಗಿಡ್ಡ ಆಗಿ ಮೂತಿ ಏಳತ್ತೆ, ಬಿಟ್ರೆ ಇಳಿಯತ್ತೆ. ನಿಮಗೆ ಇಳಿಸಬೇಕು. ಕೆಲವು ಮೆಷಿನ್ನಲ್ಲಿ ಮುಂದೆ ಎರಡು ರಾಡು ಇರತ್ತೆ. ಹಾಗಿದ್ರೆ ಎರಡನ್ನೂ ಒಂದೇ ಸಮ ತಿರುಗಿಸಿ, ಒಂದರ ಮೇಲೇ ಭಾರ ಬೀಳಬಾರದು, ಕೈಯಲ್ಲಿ ಅಲ್ಲಾಡಿಸಿದ್ರೆ ಎರಡೂ ಒಂದೇ ಬಿಗಿ ಇರಬೇಕು.

ಮುಂದೆ ಇಳಿಸಿದ ಮೇಲೆ ಎಡ ಬಲ ಮತ್ತೆ ಅಳೀರಿ, ಒಂದೆರಡು ಮಿಮೀ ಕದಲಿರಬಹುದು. ಪಕ್ಕದ ಗಾಲಿಗಳ ಎತ್ತರವನ್ನೂ ಕೊನೆಗೆ ಇನ್ನೊಮ್ಮೆ ನೋಡಿ.

ಗ್ರೌಂಡ್_ಮೈಸೂರು

ಮುಂದೆ 38, ಹಿಂದೆ 44. ಎಡ ಬಲ 42, 41 ಹಾಗೇ ನಿಂತಿದೆ. ಮೆಟ್ಟಿಲು ಹೋಯ್ತು. ಎರಡು ಬ್ಲೇಡಿನ ನಡುವೆ ಅಲ್ಲಲ್ಲಿ ಕೂದಲೆಳೆಯಂಥ ಕತ್ತರಿಸದ ಗೆರೆ ಮಾತ್ರ ಉಳೀತಿದೆ, ತಿರುವಿನಲ್ಲಿ ಜಾಸ್ತಿ.

ಲೇತ್_ಹೆಬ್ಬಾಳ

ಅದು ಮಟ್ಟದ ತೊಂದರೆ ಅಲ್ಲ. ಎರಡು ಬ್ಲೇಡುಗಳ ಹಾದಿ ನಡುವೆ ಒಂದರ ಮೇಲೊಂದು ಬರೋದು ಒಂದು ಇಂಚಿನ ಆಸುಪಾಸು ಮಾತ್ರ. ಸಾಣೆ ಹಿಡಿದು ಹಿಡಿದು ತುದಿ ದುಂಡಗಾದ್ರೆ ಹಾಗೆ ಒಂದರ ಮೇಲೊಂದು ಬರೋ ಭಾಗ ಕಮ್ಮಿ ಆಗತ್ತೆ. ಒಂದು ಬ್ಲೇಡು ಸ್ವಲ್ಪ ಮುಂದೆ, ಒಂದು ಹಿಂದೆ ಇರೋದ್ರಿಂದ ಬಿಗಿ ತಿರುವಿನಲ್ಲಿ ನಡುವೆ ಸಂದಿ ತೆರೆಯತ್ತೆ. ಹೊಸ ಬ್ಲೇಡಿನ ಪಕ್ಕದಲ್ಲಿ ನಿಮ್ಮದನ್ನ ಇಟ್ಟು ಉದ್ದ ಹೋಲಿಸಿ, ತುದಿಯ ಮೂಲೆ ಹೋಗಿದ್ರೆ ಜೋಡಿ ಬದಲಾಯಿಸಿ. ಮೂಲೆ ಚೆನ್ನಾಗಿದ್ರೆ ಬೆಲ್ಟು ನೋಡಿ, ಸಡಿಲ ಬೆಲ್ಟಿನಲ್ಲಿ ಬ್ಲೇಡು ಪೂರ್ತಿ ವೇಗಕ್ಕೆ ಬರಲ್ಲ. ಅದರ ಜೊತೆಗೆ ಡೆಕ್ಕಿನ ಒಳಗೆ ಅಂಟಿರೋ ಹುಲ್ಲಿನ ಗಟ್ಟಿಯನ್ನ ಮರದ ತುಂಡಿನಲ್ಲಿ ಕೆರೆದು ತೆಗೀರಿ. ಪೈಪಿನಲ್ಲಿ ನೀರು ಹೊಡೆಯೋದಾದ್ರೆ ಸ್ಪಿಂಡಲ್ಲಿನ ಮೇಲೆ ನೇರ ಬೇಡ, ಸೀಲು ದಾಟಿ ಬೇರಿಂಗಿಗೆ ನೀರು ಇಳಿಯತ್ತೆ.